ಗಂಗವ್ವನ ರೊಟ್ಟಿ

ಕುವೈತಿನ ಅಬ್ಬಾಸಿಯಾದ ಆ ಮನೆಯಲ್ಲಿ ನನ್ನ ಮಂಚ ನಾನು ಮಲಗುವ ಹೊತ್ತಿಗಷ್ಟೇ ನನ್ನದಾಗುತ್ತಿತ್ತು. ಅಲ್ಲಿಯ ತನಕ ಅದರ ಮೇಲೆ ರೊಟ್ಟಿಗಳು ಮಲಗಿರುತ್ತಿದ್ದವು. ಅವ್ವ ಒಂದು ಬಿಳಿ ಧೋತರ ಹಾಸಿ, ಬೇಯಿಸಿದ ಜೋಳದ ರೊಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಹರವಿ, ಫ್ಯಾನು ಜೋರಾಗಿ ಬಿಟ್ಟು ಹೋಗುತ್ತಿದ್ದಳು. ಖಡಕ್ ಆಗುವ ತನಕ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ಹಾಲಿನ ನೆಲದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಮನೆ ಎಂದರೆ ಆ ಹಾಲು, ಒಳಗೊಂದು ಕೋಣೆ, ಮೂರು ಜನ ನಿಂತರೆ ನಾಲ್ಕನೆಯವರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ. ಅಡುಗೆಮನೆಯ ಕಿಟಕಿ ತೆರೆದರೆ ಬೆಳಕು ಬರುತ್ತಿರಲಿಲ್ಲ. ಕಟ್ಟಡದ ನಡುವಿನ ಕೊಳವೆಯಂಥ ಸಂದಿಯಿಂದ ಎಲ್ಲ ಮನೆಗಳ ಒಗ್ಗರಣೆ ವಾಸನೆ ಬರುತ್ತಿತ್ತು. ಮಲಯಾಳಿಗಳ ಮೀನು, ಮೇಲಿನ ಮನೆಯ ಆಂಧ್ರದವರ ಗೋಂಗುರ, ನಮ್ಮ ಮನೆಯಿಂದ ಸುಟ್ಟ ಜೋಳದ ಹಿಟ್ಟು. ರಾತ್ರಿ ರೊಟ್ಟಿ ಎತ್ತಿದ ಮೇಲೆ ಅವ್ವ ಚಾದರ ಝಾಡಿಸಿ ಕೊಡುತ್ತಿದ್ದಳು. ಎಷ್ಟು ಝಾಡಿಸಿದರೂ ಬೆನ್ನಿಗೆ ಒಂದೆರಡು ರೊಟ್ಟಿಚೂರು ಚುಚ್ಚುತ್ತಿತ್ತು. ಆ ಚೂರುಗಳ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಕ್ಲಾಸಿನಲ್ಲಿ ಬೇರೆ ಯಾರೂ ಅಂಗಡಿ ಸಾಮಾನಿನ ಜೊತೆ ಪಾಳಿ ಹಚ್ಚಿ ಮಲಗುವುದಿಲ್ಲ ಎಂದು ನಾನು ಕೊರಗುತ್ತಿದ್ದೆ.

ಅವ್ವನ ನಿಜವಾದ ನೌಕರಿ ಬೇರೆ ಇತ್ತು. ಜಹ್ರಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅವಳು ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಆರಕ್ಕೆ ಕ್ಲಿನಿಕ್ಕಿನ ವ್ಯಾನು ಬಂದು ಕಟ್ಟಡದ ಕೆಳಗೆ ಹಾರ್ನ್ ಮಾಡುವ ಮೊದಲೇ ಅವಳು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ತೋಳಿನ ಮೇಲೆ ಮಡಚಿ ಹಾಕಿಕೊಂಡು ನಿಂತಿರುತ್ತಿದ್ದಳು. ಆ ಕೋಟಿನ ಜೇಬಿನ ಮೇಲೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಅವಳ ಹೆಸರು ಹೊಲಿದಿತ್ತು: ಶಾಂತಾ. ಒಮ್ಮೆ ನನಗೆ ಜ್ವರ ಬಂದಾಗ ಅವಳ ಜೊತೆ ಕ್ಲಿನಿಕ್ಕಿಗೆ ಹೋಗಿದ್ದೆ. ಎತ್ತರದ ಕುವೈತಿ ಗಂಡಸೊಬ್ಬ ಅವಳ ಮುಂದೆ ಕುರ್ಚಿಯಲ್ಲಿ ಕೂತು, ತೋಳು ಚಾಚಿ, ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿದ್ದ. ಅವ್ವ ಅವನಿಗೆ ಅರಬ್ಬಿಯಲ್ಲೇ ಏನೋ ಹೇಳಿ ನಗಿಸಿದಳು. ಆ ಹೊತ್ತು ನನಗೆ ಬಂದ ಹೆಮ್ಮೆಯನ್ನು ಮರೆತಿಲ್ಲ. ನನಗೆ ಬೇಕಾಗಿದ್ದದ್ದು ಆ ಅವ್ವ. ಸಂಜೆ ನಾಲ್ಕೂವರೆಗೆ ಮನೆಗೆ ಬಂದು, ಕೋಟನ್ನು ಗೂಟಕ್ಕೆ ಸಿಕ್ಕಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಮೊಣಕೈ ತನಕ ಹಿಟ್ಟು ಮಾಡಿಕೊಳ್ಳುವ ಅವ್ವ ಬೇಡವಾಗಿದ್ದಳು.

ರೊಟ್ಟಿಯ ಕೆಲಸ ಶುರುವಾದದ್ದು ಅಪ್ಪನ ಓವರ್‌ಟೈಮ್ ನಿಂತ ಮೇಲೆ. ಅಪ್ಪ ತೈಲಬಾವಿಗಳ ಕಡೆ ಒಬ್ಬ ಕಾಂಟ್ರಾಕ್ಟರನ ಹತ್ತಿರ ಪಂಪು ರಿಪೇರಿಯ ಟೆಕ್ನಿಷಿಯನ್ ಆಗಿದ್ದ. ಓವರ್‌ಟೈಮ್ ಹೋದ ತಿಂಗಳೇ ಮನೆ ಬಾಡಿಗೆಯೂ ಏರಿತು. ಆಗ ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಅಪ್ಪನ ಜೊತೆ ಕೆಲಸ ಮಾಡುವ ಬಾಗಲಕೋಟೆಯ ಶಿವಾನಂದ ಕಾಕಾ ಊಟಕ್ಕೆ ಬಂದಿದ್ದರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಇರುವ ಮನುಷ್ಯ. ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿ, ಎಣ್ಣೆಗಾಯಿ ಹಾಕಿಕೊಂಡು ನಾಲ್ಕು ರೊಟ್ಟಿ ಉಂಡು, ಐದನೆಯದಕ್ಕೆ ಕೈ ಹಾಕುವಾಗ ಕಣ್ಣು ಒರೆಸಿಕೊಂಡರು. ಹೋಗುವಾಗ ಅವ್ವ ಹತ್ತು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಮರುವಾರ ಅವರು ಕ್ಯಾಂಪಿನ ಇನ್ನೂ ಆರು ಜನರ ಹೆಸರು ಬರೆದ ಚೀಟಿ ಕಳಿಸಿದರು, ಜೊತೆಗೆ ದುಡ್ಡು. ಆ ದುಡ್ಡಿನ ಸಲುವಾಗಿ ನಮ್ಮ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

"ಉಣ್ಣಾಕ ಬಂದವರಿಗೆ ಹಾಕೋ ರೊಟ್ಟಿ. ಅದನ್ನ ಮಾರೂದು ಅಂದ್ರ ಹ್ಯಾಂಗ್ರಿ? ಊರಾಗ ನಮ್ಮವ್ವಗ ತಿಳಿದ್ರ ಏನಂದಾಳು?"

"ನಿಮ್ಮವ್ವ ಇಲ್ಲಿ ಬಾಡಿಗಿ ಕೊಡ್ತಾಳೇನು? ರಕ್ತ ತಗಿಯೂದಕ್ಕ ಪಗಾರ ತಗೋತಿ. ರೊಟ್ಟಿ ಬಡಿಯೂದಕ್ಕ ತಗೊಂಡ್ರ ಏನ್ ಆತು?"

ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕ್ಲಿನಿಕ್ಕಿನಿಂದ ಬರುವಾಗ ಐದು ಕಿಲೋದ ಎರಡು ಜೋಳದ ಹಿಟ್ಟಿನ ಚೀಲ ಹೊತ್ತು ಬಂದಳು. ಅಂಗಡಿಯ ಹಿಟ್ಟು ಹಳೆಯದು, ಜಿಗಿ ಇಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ ಎಂದು ಬೈದುಕೊಳ್ಳುತ್ತಲೇ ನೀರು ಕುದಿಯಲು ಇಟ್ಟಳು. ಆಮೇಲೆ ರಜೆಯ ಮೇಲೆ ಊರಿಗೆ ಹೋಗಿ ಬರುವವರೆಲ್ಲರ ಸೂಟ್‌ಕೇಸಿನಲ್ಲೂ ನಮಗಾಗಿ ಒಂದೆರಡು ಕಿಲೋ ಹೊಸ ಹಿಟ್ಟು ಬರತೊಡಗಿತು. ಅದನ್ನು ಅಂಗಡಿ ಹಿಟ್ಟಿಗೆ ಬೆರೆಸುವ ಅಳತೆ ಅವ್ವನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅಪ್ಪ ಎಷ್ಟು ಸಲ ಕೇಳಿದರೂ ಹೇಳಲಾರಳು.

ವಾರಕ್ಕೆ ನಲವತ್ತು ರೊಟ್ಟಿಯಿಂದ ಶುರುವಾದದ್ದು ಆರು ತಿಂಗಳಲ್ಲಿ ದಿನಕ್ಕೆ ನೂರಕ್ಕೆ ಮುಟ್ಟಿತು. ಅವ್ವ ನೆಲದ ಮೇಲೆ ಕೂತು ತಟ್ಟುವುದು, ಅಪ್ಪ ಬನಿಯನ್ನಿನಲ್ಲಿ ಒಲೆಯ ಮುಂದೆ ನಿಂತು ಬೇಯಿಸುವುದು. ಪಂಪು ಬಿಚ್ಚುವ ಕೈಗೆ ರೊಟ್ಟಿ ಹೊರಳಿಸುವುದು ಬೇಗ ಬಂತು; ಹಸಿ ರೊಟ್ಟಿಯ ಮೈಗೆ ನೀರಿನ ಅರಿವೆ ಸವರುವುದು ಮಾತ್ರ ಬಹಳ ದಿನ ಬರಲಿಲ್ಲ. ಹೆಚ್ಚು ನೀರು ಬಿದ್ದರೆ ಅವ್ವ ಕೂತಲ್ಲಿಂದಲೇ ವಾಸನೆಯಿಂದ ಕಂಡುಹಿಡಿದು, "ಮಕ ತೊಳಿಯಾಕತ್ತೀರೇನ್ರಿ?" ಎನ್ನುತ್ತಿದ್ದಳು. ಒಣಗಿದ ರೊಟ್ಟಿಗಳನ್ನು ಹತ್ತತ್ತು ಜೋಡಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ ದಾರ ಕಟ್ಟುವುದು, ಮನೆಯ ಫೋನಿಗೆ ಬರುವ ಆರ್ಡರು ಬರೆದುಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಅಪ್ಪನ ಕಂಪನಿ ಬಸ್ಸಿನಲ್ಲಿ, ಡ್ರೈವರ್ ಖಾನ್ ಭಾಯಿಯ ಸೀಟಿನ ಹಿಂದೆ ಕೂತು ರೊಟ್ಟಿಗಳು ಕ್ಯಾಂಪಿಗೆ ಪ್ರಯಾಣ ಮಾಡುತ್ತಿದ್ದವು.

ಇದೆಲ್ಲ ಕದ್ದು ನಡೆಯಬೇಕಾಗಿತ್ತು. ಬೇರೆ ಯಾವ ದುಡಿಮೆಯನ್ನೂ ಮಾಡುವುದಿಲ್ಲವೆಂದು ಅವ್ವ ಕ್ಲಿನಿಕ್ಕಿನಲ್ಲಿ ಸಹಿ ಹಾಕಿದ್ದಳು. ವೀಸಾ ಕೊಟ್ಟ ಮಾಲೀಕನ, ಅಂದರೆ ಕಫೀಲನ, ಕಿವಿಗೆ ಬಿದ್ದರೆ ನೌಕರಿ ಖಲಾಸ್, ಆ ದೇಶದಲ್ಲಿರಲು ಕೊಟ್ಟ ಇಕಾಮಾ ಖಲಾಸ್. ಹಾಗಾಗಿ ಅಪ್ಪ ನನಗೆ ಪಾಠ ಹೇಳಿಕೊಟ್ಟಿದ್ದ: "ಯಾರರ ಕೇಳಿದ್ರ ಮನಿಗೆ ಬೀಗ್ರು ಬಂದಾರ ಅನ್ನು. ಅದಕ್ಕ ಜಾಸ್ತಿ ರೊಟ್ಟಿ." ರೊಟ್ಟಿ ತಟ್ಟುವ ಸದ್ದು ಕೇಳಿ ಕಟ್ಟಡದ ಕಾವಲುಗಾರ, ಈಜಿಪ್ಟಿನ ಹಾರಿಸ್, ಒಂದು ದಿನ ಬಾಗಿಲು ಬಡಿದ. ನಾನು ಕಲಿತ ಪಾಠ ಒಪ್ಪಿಸಿದೆ. ಅವನು ಎರಡನೆಯ ವಾರ ಬಂದ, ಮೂರನೆಯ ವಾರವೂ ಬಂದ. "ದಿನಾ ನೆಂಟರೇ?" ಎಂದು ತನಗೆ ಬರುವಷ್ಟು ಹಿಂದಿಯಲ್ಲಿ ಕೇಳಿದ. ಅವ್ವ ನಾಲ್ಕು ಬಿಸಿ ರೊಟ್ಟಿ ಕೊಟ್ಟಳು. ಅಲ್ಲಿಂದ ಮುಂದೆ ಅವನೂ ನಮ್ಮ ಬೀಗರಲ್ಲಿ ಒಬ್ಬನಾದ; ಪ್ರತಿ ಮಂಗಳವಾರ ಬಂದು ತನ್ನ ಪಾಲು ತೆಗೆದುಕೊಂಡು ಹೋಗುತ್ತಿದ್ದ.

ಈ ಗುಟ್ಟಿನ ಮಾತನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಅದು ನೆಪವಾಗಿ ಒದಗಿತು. ನೆಪ ಮಾತ್ರ. ನನಗೆ ಕ್ಲಿನಿಕ್ಕಿನ ಕಫೀಲನ ಭಯ ಇರಲಿಲ್ಲ, ಇದ್ದದ್ದು ನನ್ನ ಕ್ಲಾಸಿನ ರೋಹನ್‌ನ ಭಯ. ಅವನ ಅಪ್ಪ ನಮ್ಮಪ್ಪನ ಕಂಪನಿಗೆ ಕೆಲಸ ಕೊಡುವ ದೊಡ್ಡ ಕಂಪನಿಯಲ್ಲಿ ಎಂಜಿನಿಯರು, ಮನೆ ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಹಾಗೆ. ತಾಯಿ ವಸುಧಾ ಆಂಟಿ ಧಾರವಾಡದವರು; ಅವ್ವನನ್ನು ಅವರು ಯಾವತ್ತೂ ನೋಡಿರಲಿಲ್ಲ. ರೋಹನ್‌ಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗೆ ಮಾತಾಡುವುದನ್ನು ನಾನೂ ಅಭ್ಯಾಸ ಮಾಡುತ್ತಿದ್ದೆ. ಅವನ ಜೊತೆ ಕೂರಲು ಸಿಕ್ಕಿದ್ದೇ ದೊಡ್ಡದೆಂದುಕೊಂಡಿದ್ದ ನಾನು ಬೆಳಿಗ್ಗೆ ಯೂನಿಫಾರ್ಮಿಗೆ ಅಪ್ಪನ ಸೆಂಟು ಹೊಡೆದುಕೊಂಡು ಹೋಗುತ್ತಿದ್ದೆ. ಸೆಂಟಿನ ಕೆಳಗೆ ಹಿಟ್ಟಿನ ವಾಸನೆ ಇದ್ದೇ ಇದೆ ಎಂದು ಮೂಗಿಗೆ ಅನಿಸುತ್ತಿತ್ತು. ಯಾರಿಗೂ ಬಂದಿರಲಿಕ್ಕಿಲ್ಲ, ನನಗಂತೂ ಬರುತ್ತಿತ್ತು.

ಒಂದು ದಿನ ಊಟದ ಬಿಡುವಿನಲ್ಲಿ ಅವನು ನನ್ನ ಡಬ್ಬಿಯಿಂದ ರೊಟ್ಟಿ ಮುರಿದು ತಿಂದ. ಆಮೇಲೆ ಥಟ್ಟನೆ ಕೇಳಿದ, ಇಂಗ್ಲಿಷಿನಲ್ಲಿ: ಅಬ್ಬಾಸಿಯಾದಲ್ಲಿ ಯಾರೋ ಹೆಂಗಸು ಮನೆಯಲ್ಲಿ ಇಂಥ ರೊಟ್ಟಿ ಮಾಡಿ ಕ್ಯಾಂಪಿನ ಲೇಬರಿಗೆ ಮಾರುತ್ತಾಳಂತೆ, ನನ್ನಪ್ಪನ ಆಫೀಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ಅದು ನಿನ್ನ ತಾಯಿಯಾ?

ಬೀಗರು ಬಂದಿದ್ದಾರೆ ಎನ್ನಬಹುದಿತ್ತು. ಪಾಠ ಬಾಯಿಪಾಠವಾಗಿತ್ತು. ಆದರೆ ಬೀಗರು ಬಂದರೂ ರೊಟ್ಟಿ ತಟ್ಟುವವಳು ಅವ್ವನೇ ಆಗಿರಬೇಕಲ್ಲ. "ನನ್ನ ತಾಯಿ ಲ್ಯಾಬಿನಲ್ಲಿದ್ದಾರೆ," ಎಂದೆ. "ಅಡುಗೆಮನೆಗೆ ಕಾಲೇ ಇಡುವುದಿಲ್ಲ. ಇದು ನಮ್ಮ ಮನೆಯ ಕೆಲಸದವಳು ಮಾಡುವುದು. ಪಾಪ, ಬಡವಳು. ಮಾರಿಕೊಳ್ಳಲಿ ಅಂತ ನಮ್ಮಮ್ಮ ಬಿಟ್ಟಿದ್ದಾರೆ." ಸುಳ್ಳಿಗೆ ಕರುಣೆಯ ಒಗ್ಗರಣೆ ಬೇರೆ. ಹೆಸರೇನು ಎಂದು ಕೇಳಿದ. ಬಾಯಿಗೆ ಬಂದ ಮೊದಲ ಹೆಸರು ಹೇಳಿದೆ: ಗಂಗವ್ವ. ಅದು ಅವ್ವನ ತಾಯಿಯ, ನನ್ನ ಅಜ್ಜಿಯ ಹೆಸರು.

ಹತ್ತು ಹದಿನೈದು ದಿನ ಕಳೆದಿರಬೇಕು. ಸಂಜೆ ನಾನು ಪೊಟ್ಟಣ ಕಟ್ಟುತ್ತಿದ್ದೆ, ಫೋನು ಬಂತು. ನನ್ನ ಕೈಯಲ್ಲಿ ದಾರ ಇದ್ದುದರಿಂದ ಅವ್ವ ಹಿಟ್ಟಿನ ಕೈಯಲ್ಲೇ ಎರಡು ಬೆರಳಿನಿಂದ ರಿಸೀವರ್ ಎತ್ತಿದಳು. ಫೋನಿನಲ್ಲಿ ಅವಳು ಕ್ಲಿನಿಕ್ಕಿನ ದನಿಯಲ್ಲೇ ಮಾತಾಡುವುದು.

"ಹೌದು ಮೇಡಂ, ಬಸವರಾಜನ ತಾಯಿ. ಹೇಳಿ... ಗಂಗವ್ವ?"

ನನ್ನ ಕೈಯ ದಾರ ಅಲ್ಲೇ ನಿಂತಿತು. ಅವ್ವ ನನ್ನ ಕಡೆ ನೋಡಿದಳು. ಆಚೆಯಿಂದ ವಸುಧಾ ಆಂಟಿಯ ದನಿ ಬಹಳ ಹೊತ್ತು ಕೇಳುತ್ತಿತ್ತು. ಅವರ ಯಜಮಾನರಿಗೆ ಪ್ರಮೋಷನ್ ಆಗಿದೆ, ಗುರುವಾರ ಮನೆಯಲ್ಲಿ ಊಟ, ಬಂದವರಿಗೆ ಹಂಚಿನಿಂದ ನೇರ ಬಿಸಿ ರೊಟ್ಟಿ ಹಾಕಬೇಕೆಂಬ ಆಸೆ, ನಿಮ್ಮ ಮನೆಯ ಗಂಗವ್ವನನ್ನು ಒಂದು ಸಂಜೆ ಕಳಿಸುತ್ತೀರಾ, ನೀವೂ ಊಟಕ್ಕೆ ಬರಬೇಕು. ಇಷ್ಟು ನನಗೆ ಆಮೇಲೆ ತಿಳಿದದ್ದು. ಆಗ ಕೇಳಿದ್ದು ಅವ್ವನ ಉತ್ತರ ಮಾತ್ರ.

"ಅವತ್ತು ನಮಗಿಬ್ಬರಿಗೂ ಡ್ಯೂಟಿ ಇದೆ ಮೇಡಂ. ಮಗನನ್ನು ಕಳಿಸ್ತೀನಿ. ಗಂಗವ್ವನನ್ನೂ ಕಳಿಸ್ತೀನಿ."

ಫೋನಿಟ್ಟು, ರಿಸೀವರಿಗೆ ಅಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

"ರೋಹನ್ ಅನ್ನಾಂವ ನಿನ್ನ ದೋಸ್ತ ಏನು?"

"ಹೂಂ."

"ನಮ್ಮವ್ವನ ಹೆಸರು ಗೊತ್ತೈತಿಲ್ಲ ನಿನಗ?"

"ಹೂಂ."

ಅಷ್ಟೇ. ಹೋಗಿ ಮತ್ತೆ ಹಿಟ್ಟಿನ ಮುಂದೆ ಕೂತಳು. ಅಪ್ಪ ಒಲೆಯ ಮುಂದಿನಿಂದ ಯಾರ ಫೋನು ಎಂದು ಕೇಳಿದಾಗ, ದೊಡ್ಡ ಆರ್ಡರು, ಗುರುವಾರ ಹೊರಗೆ ಹೋಗಬೇಕು ಎಂದಳು. ಅಪ್ಪನಿಗೆ ಆ ವಾರ ರಾತ್ರಿ ಪಾಳಿ. ಅವಳು ಒಲ್ಲೆ ಎನ್ನಬಹುದಿತ್ತು. ಗಂಗವ್ವ ಊರಿಗೆ ಹೋಗಿದ್ದಾಳೆ ಎಂದರೆ ಮುಗಿಯುತ್ತಿತ್ತು. ಯಾಕೆ ಒಪ್ಪಿದಳೆಂದು ಇಷ್ಟು ವರ್ಷ ಯೋಚಿಸಿದ್ದೇನೆ. ಸಾಲ್ಮಿಯಾದ ಗಿರಾಕಿಗಳು ಸಿಗುತ್ತಾರೆ ಎಂದಿರಬಹುದು. ನನಗೆ ಬುದ್ಧಿ ಕಲಿಸಲು ಇರಬಹುದು. ನನ್ನ ಮರ್ಯಾದೆ ಉಳಿಸಲು ಇರಬಹುದು ಎಂಬ ಮೂರನೆಯ ಯೋಚನೆ ಬಂದಾಗಲೆಲ್ಲ ಕೂತಲ್ಲಿ ಕೂರಲಾಗದೆ ಎದ್ದು ಓಡಾಡುತ್ತೇನೆ.

ಗುರುವಾರ ಅವರ ಕಾರು ಬಂತು. ಹೊರಡುವ ಮೊದಲು ಅವ್ವ ಕನ್ನಡಿಯ ಮುಂದೆ ನಿಂತು, ಎಲ್ಲರೂ ಸಮಾರಂಭಕ್ಕೆ ಮಾಡಿಕೊಳ್ಳುವುದನ್ನು ಉಲ್ಟಾ ಮಾಡಿಕೊಂಡಳು. ಕೈಗಡಿಯಾರ ಬಿಚ್ಚಿಟ್ಟಳು. ಬಂಗಾರದ ಬಳೆ ತೆಗೆದು ಗಾಜಿನವನ್ನಷ್ಟೇ ಉಳಿಸಿಕೊಂಡಳು. ಕಿವಿಯ ಬೆಂಡೋಲೆ ಬಿಚ್ಚಿದಳು. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿದಳು. ಮನೆಯಲ್ಲಿ ಉಡುವ ಮಾಸಿದ ಹತ್ತಿ ಸೀರೆಯನ್ನೇ ಉಟ್ಟಳು. ಕೊನೆಗೆ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಾಗ ನಾನು, "ಅದ್ಯಾಕ?" ಎಂದೆ. ಕನ್ನಡಕವಿಲ್ಲದೆ ಅವಳಿಗೆ ಹತ್ತಿರದ್ದು ಮಸುಕು ಮಸುಕು.

"ಕೆಲಸದಾಕಿ ಇಂಥಾ ಚಷ್ಮಾ ಹಾಕ್ಕೊಂತಾಳೇನು?" ಎಂದಳು. ಆಮೇಲೆ ಮೆಟ್ಟಿಲು ಇಳಿಯುತ್ತ, ಅಂಗಡಿಯಿಂದ ಏನು ತರಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು, "ಅಲ್ಲಿ ನನಗ ಅವ್ವಾ ಅನಬ್ಯಾಡ. ಗಂಗವ್ವ ಅನ್ನು."

ಆಗಲೇ ಅಳಬೇಕಾಗಿತ್ತು. ಕಾಲು ಹಿಡಿಯಬೇಕಾಗಿತ್ತು. ಆದರೆ ನಿಜ ಹೇಳುವುದಾದರೆ ಆ ಕ್ಷಣ ನನಗೆ ಆದದ್ದು ಸಮಾಧಾನ. ಸದ್ಯ, ಬಯಲಾಗುವುದಿಲ್ಲ ಎಂಬ ಸಮಾಧಾನ. ಹನ್ನೆರಡು ವರ್ಷದ ಹುಡುಗನಿಗೆ ಇಷ್ಟು ನೀಚತನ ಎಲ್ಲಿಂದ ಬರುತ್ತದೋ ಕಾಣೆ. ಕಾರಿನಲ್ಲಿ ನಾನು ಮುಂದೆ ಡ್ರೈವರನ ಪಕ್ಕ ಕೂತೆ. ಅವ್ವ ಹಿಟ್ಟಿನ ಚೀಲ, ಹಂಚು, ರೊಟ್ಟಿ ಮಣೆಯ ಜೊತೆ ಹಿಂದೆ ಕೂತಳು. ಡ್ರೈವರು ಎ.ಸಿ. ಸಾಕಾ ಎಂದು ನನ್ನನ್ನು ಕೇಳಿದ. ಹಿಂದೆ ಕೂತವಳನ್ನು ಕೇಳಲಿಲ್ಲ. ಸಾಲ್ಮಿಯಾ ಬರುವ ತನಕ ನಾನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ವಸುಧಾ ಆಂಟಿ ಒಳ್ಳೆಯವರು. ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಬಾಗಿಲಲ್ಲೇ ಅವ್ವನ ಕೈಯಿಂದ ಚೀಲ ಇಸಿದುಕೊಂಡು, "ಬಾ ಗಂಗವ್ವ, ಮೊದಲ ಒಂದು ಕಪ್ ಚಹಾ ಕುಡಿ. ಆಮ್ಯಾಲ ಕೆಲಸ," ಎಂದು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ಅವರ ನಿಜವಾದ ಕೆಲಸದಾಕೆ, ಶ್ರೀಲಂಕಾದ ಕುಸುಮಾ, ಅವ್ವನಿಗೆ ನೆಲದ ಮೇಲೆ ಜಾಗ ಮಾಡಿಕೊಟ್ಟಳು. ನಾನು ರೋಹನ್‌ನ ಕೋಣೆಗೆ ಹೋಗಿ ವಿಡಿಯೋ ಗೇಮ್ ಆಡಿದೆ. ಅಲ್ಲಿಗೂ ತಟ್ಟುವ ಸದ್ದು ಕೇಳುತ್ತಿತ್ತು. ಅವ್ವನ ಕೈಯ ಸದ್ದು ನನಗೆ ಗೊತ್ತು: ಮೊದಲು ನಿಧಾನ, ಆಮೇಲೆ ಮಣೆ ತಿರುಗಿದ ಹಾಗೆ ಜೋರು. ಅವತ್ತು ನಡುನಡುವೆ ನಿಲ್ಲುತ್ತಿತ್ತು. ಕನ್ನಡಕ ಇಲ್ಲ, ಅಂಚು ಕಾಣುತ್ತಿಲ್ಲ, ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾಳೆ ಎಂದು ತಿಳಿಯಿತು. ಆಟ ಬಿಡಲಿಲ್ಲ.

ಊಟಕ್ಕೆ ಉದ್ದನೆಯ ಮೇಜು. ಹತ್ತು ಹನ್ನೆರಡು ಜನ, ಎಲ್ಲ ಎಂಜಿನಿಯರುಗಳು, ಡಾಕ್ಟರುಗಳು, ಅವರ ಹೆಂಡಂದಿರು. ಮಕ್ಕಳಿಗೆ ಮೇಜಿನ ತುದಿಯಲ್ಲಿ ಜಾಗ. ಉಬ್ಬಿದ ರೊಟ್ಟಿಗಳು ಬರತೊಡಗಿದಾಗ ಮೇಜಿನ ಮಾತು ನಿಂತೇ ಹೋಯಿತು. ಹುಬ್ಬಳ್ಳಿಯ ಡಾಕ್ಟರೊಬ್ಬರು ಕಣ್ಣು ಮುಚ್ಚಿ ಉಣ್ಣುತ್ತಿದ್ದರು. ಈ ರೊಟ್ಟಿ ಮಾಡಿದವಳನ್ನು ನೋಡಲೇಬೇಕು ಎಂದರು. ವಸುಧಾ ಆಂಟಿ ಅವ್ವನನ್ನು ಕರೆದರು. ಅವ್ವ ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದೇ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಇಕಿನೇ ಗಂಗವ್ವ. ನಮ್ಮ ಬಸವರಾಜನ ಮನ್ಯಾಗ ಇರ್ತಾಳ. ಇಂಥಾಕಿ ಮನ್ಯಾಗ ಇದ್ರ ಅವರವ್ವ ಭಾಳ ಪುಣ್ಯ ಮಾಡ್ಯಾಳ ನೋಡ್ರಿ," ಎಂದರು ಆಂಟಿ.

ರೋಹನ್ ಬಾಯಿ ತುಂಬ ತಿನ್ನುತ್ತ ಇಂಗ್ಲಿಷಿನಲ್ಲಿ ಸೇರಿಸಿದ: ಬಸು ಹೇಳಿದ, ಅವನ ತಾಯಿ ಅಡುಗೆಮನೆಗೆ ಕಾಲೇ ಇಡುವುದಿಲ್ಲವಂತೆ.

ಎಲ್ಲರೂ ನಕ್ಕರು. ಪ್ರೀತಿಯ ನಗುವೇ. ಅವ್ವನಿಗೆ ಅಷ್ಟು ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತಿತ್ತು. ದಿನಾ ರಿಪೋರ್ಟು ಬರೆಯುವುದು ಅದರಲ್ಲೇ. ಅವಳೂ ಸ್ವಲ್ಪ ನಕ್ಕಳು, ಅರ್ಥವಾಗದವರು ಉಳಿದವರ ಜೊತೆ ನಗುವ ಹಾಗೆ. ನೌಕರಿ ಉಳಿಸಲು ಕೆಲಸದವಳ ಕಥೆ ಕಟ್ಟಿದ್ದೆ ಎನ್ನುವ ನೆಪ ಅಲ್ಲಿ ಸತ್ತುಹೋಯಿತು. ತಾಯಿ ಅಡುಗೆಮನೆಗೆ ಹೋಗುವುದಿಲ್ಲ ಎನ್ನುವ ಮಾತಿನಿಂದ ಯಾವ ನೌಕರಿ ಉಳಿಯುತ್ತದೆ? ಅದು ಬರಿಯ ಜಂಬ ಎಂದು ಅವಳಿಗೆ ಗೊತ್ತಾಯಿತು, ಅವಳಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಅವ್ವ ಒಬ್ಬೊಬ್ಬರಿಗೇ ಬಡಿಸುತ್ತ ಮೇಜಿನ ತುದಿಗೆ ಬಂದಳು. ಮಸುಕುಗಣ್ಣಿನಲ್ಲಿ ಬಗ್ಗಿ ನನ್ನ ತಟ್ಟೆ ನೋಡಿದಳು.

"ಇನ್ನೊಂದು ಹಾಕಲೇನ್ರಿ?"

ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವಳು. ನಾನು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಕೈ ಅಡ್ಡ ಹಿಡಿದಿದ್ದರೆ ಸಾಕಿತ್ತು. ಯಾರೂ ನನ್ನನ್ನು ನೋಡುತ್ತಲೂ ಇರಲಿಲ್ಲ. ಆದರೂ ನಾನು ಬಾಯಿ ಬಿಟ್ಟು ಹೇಳಿದೆ:

"ಸಾಕು ಗಂಗವ್ವ."

ಅದನ್ನು ಹೇಳೆಂದು ಅವಳೇ ಹೇಳಿಕೊಟ್ಟಿದ್ದಳು, ನಿಜ. ಆದರೆ ಅಷ್ಟು ಸರಾಗವಾಗಿ ಬರುತ್ತದೆಂದು ಅವಳೂ ಎಣಿಸಿರಲಿಕ್ಕಿಲ್ಲ. ಬುಟ್ಟಿ ಎತ್ತಿಕೊಂಡು ಪಕ್ಕದವನ ಕಡೆ ಹೋದಳು.

ಊಟ ಮುಗಿದು ನೀರಿಗೆಂದು ಅಡುಗೆಮನೆಯ ಕಡೆ ಹೋದೆ. ಅವ್ವ ಮತ್ತು ಕುಸುಮಾ ನೆಲದ ಮೇಲೆ ಎದುರುಬದುರು ಕೂತು ಉಣ್ಣುತ್ತಿದ್ದರು. ಅವ್ವ ಉಣ್ಣುತ್ತಿದ್ದದ್ದು ಅಂಚು ಒಡೆದು ಮೇಜಿಗೆ ಕಳಿಸಲಾಗದೆ ಉಳಿದ ರೊಟ್ಟಿ. ಆಂಟಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮಾತಾಡಿಸುತ್ತಿದ್ದರು. ನಾನು ಬಾಗಿಲ ಈಚೆಯೇ ನಿಂತೆ.

"ಮಕ್ಕಳೆಷ್ಟು ಗಂಗವ್ವ?"

"ಒಬ್ಬಾಂವ ಅದಾನ್ರಿ."

"ಎಲ್ಲಿದ್ದಾನ?"

"ಊರಾಗ ಬಿಟ್ಟ ಬಂದೀನ್ರಿ, ನಮ್ಮವ್ವನ ಕಡೆ."

"ನೆನಪಾಗ್ತದಲ್ಲ, ಪಾಪ. ಎಷ್ಟು ದೊಡ್ಡಾಂವ?"

"ಈ ಬಸವರಾಜಪ್ಪನಷ್ಟ ಇರಬೇಕ್ರಿ. ಭಾಳ ದಿವ್ಸ ಆತು ನೋಡಿ."

ಆಂಟಿ ಎದ್ದು ಹೋಗಿ ರೋಹನ್‌ಗೆ ಗಿಡ್ಡವಾದ ನಾಲ್ಕು ಶರ್ಟು ತಂದರು, ಇಸ್ತ್ರಿ ಮಾಡಿ ಮಡಚಿದ್ದು. ಮಗನಿಗೆ ಕಳಿಸು ಎಂದರು. ಅವ್ವ ಕೈ ತೊಳೆದುಕೊಂಡು ಬಂದು ಎರಡೂ ಕೈಯಿಂದ ಇಸಿದುಕೊಂಡಳು. ನಾನು ನೀರು ಕುಡಿಯದೆ ಹಿಂದಕ್ಕೆ ಹೋದೆ. ಮನೆಗೆ ಬರುವಾಗ ಕಾರಿನಲ್ಲಿ ಹಿಂದೆ ಅವಳ ಪಕ್ಕ ಕೂರಲು ಹೋದೆ. ಅವಳು ನಡುವೆ ಹಂಚನ್ನೂ ಮಣೆಯನ್ನೂ ಇಟ್ಟುಕೊಂಡು, "ಮುಂದ ಕೂಡು, ಇಲ್ಲಿ ಜಾಗ ಇಲ್ಲ," ಎಂದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಪಾಳಿ ಮುಗಿಸಿ ಬಂದ. ಶುಕ್ರವಾರವೆಂದರೆ ನಮ್ಮಲ್ಲಿ ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದ ಮೇಲೆ ಮೂವರೂ ಹಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುವುದು. ವಾರದಲ್ಲಿ ಮೂವರೂ ಒಟ್ಟಿಗೆ ತಿನ್ನುವುದು ಅದೊಂದೇ. ಅಪ್ಪ ಕುರ್ಚಿಯ ಮೇಲಿದ್ದ ಶರ್ಟುಗಳನ್ನು ನೋಡಿ ಇವೆಲ್ಲಿಂದ ಬಂದವು ಎಂದು ಕೇಳಿದ. ಅಪ್ಪನ ಕೈ ಭಾರ. ಆದರೆ ಹೊಡೆತಕ್ಕೆ ಆ ಹೊತ್ತು ನಾನು ತಯಾರಿದ್ದೆ. ಒಂದು ರೀತಿಯಲ್ಲಿ ಕಾಯುತ್ತಲೇ ಇದ್ದೆ.

ಅವ್ವ ಅಪ್ಪನಿಗೆ ಚಹಾ ಬಗ್ಗಿಸುತ್ತ ಹೇಳಿದಳು. "ನಿಮ್ಮ ಮಗ ಭಾಳ ಶ್ಯಾಣ್ಯಾ ಅದಾನ್ರಿ. ರೊಟ್ಟಿ ಮಾರೂದು ನಿಮ್ಮವ್ವ ಏನು ಅಂತ ಸಾಲ್ಯಾಗ ಕೇಳ್ಯಾರ. ನನ್ನ ನೌಕರಿಗೆ ಎಲ್ಲಿ ಧಕ್ಕಿ ಬರ್ತೈತೋ ಅಂತ, ಅಲ್ಲ, ನಮ್ಮ ಮನಿ ಕೆಲಸದಾಕಿ ಮಾಡ್ತಾಳ ಅಂತ ಹೇಳ್ಯಾನ. ಹೆಸರೂ ಇಟ್ಟಾನ, ಗಂಗವ್ವ ಅಂತ. ಅದಕ್ಕ ನಾನೂ ಗಂಗವ್ವ ಆಗೇ ಹೋಗಿ ಬಂದೆ."

ಅಪ್ಪ ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ, ವಿಭೂತಿಯ ಕೈಯನ್ನು ನನ್ನ ತಲೆಯ ಮೇಲಿಟ್ಟ. "ಹನ್ನೆರಡು ವರ್ಷಕ್ಕ ಇಷ್ಟು ತಿಳುವಳಿಕಿ. ತಾಯಿನ್ನ ಕಾದ ಮಗ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಅವ್ವನ ಮುಖ ನೋಡಿದೆ. ಒಮ್ಮೆ ನನ್ನ ಕಡೆ ನೋಡಿದರೆ ಸಾಕು, ಎಲ್ಲ ಬಾಯಿಬಿಟ್ಟು ಹೇಳಿಬಿಡುತ್ತೇನೆ ಎಂದುಕೊಂಡೆ. ಅವಳು ಚಹಾ ಸೋಸುತ್ತಿದ್ದಳು. ನಾನು ಉಪ್ಪಿಟ್ಟು ನುಂಗಿದೆ. ಶನಿವಾರ ಅವ್ವ ಆ ಶರ್ಟುಗಳಲ್ಲಿ ಒಂದನ್ನು ತೊಡಿಸಿ, ತೋಳು ಉದ್ದವಾಯಿತೆಂದು ಒಂದು ಮಡಿಕೆ ಮಡಚಿದಳು. ನಾನು ತೊಟ್ಟೆ. ಬೇಡ ಎನ್ನುವ ಹಕ್ಕು ನನಗೆ ಉಳಿದಿರಲಿಲ್ಲ.

ಆ ಊಟದ ಮೇಲೆ ಸಾಲ್ಮಿಯಾದಿಂದ, ಮಂಗಾಫಿನಿಂದ ಫೋನುಗಳು ಬರತೊಡಗಿದವು. ಎಲ್ಲರೂ ಕೇಳುತ್ತಿದ್ದದ್ದು ಗಂಗವ್ವನ ರೊಟ್ಟಿಯನ್ನೇ. ಅವ್ವ ಕ್ಲಿನಿಕ್ಕಿನ ದನಿಯಲ್ಲಿ, "ಗಂಗವ್ವನಿಗೆ ಹೇಳ್ತೀನಿ ಮೇಡಂ," ಎನ್ನುತ್ತಿದ್ದಳು. ರೋಹನ್‌ನ ಮನೆಯವರು ಮರುವರ್ಷ ಬೇರೆ ದೇಶಕ್ಕೆ ವರ್ಗವಾಗಿ ಹೋದರು. ಅವರಿಗೆ ಕೊನೆಯ ತನಕ ನಿಜ ತಿಳಿಯಲಿಲ್ಲ. ಮುಂದೆ ಅವ್ವ ಕ್ಲಿನಿಕ್ಕು ಬಿಟ್ಟು, ಒಬ್ಬ ಕುವೈತಿ ಪಾಲುದಾರರ ಲೈಸೆನ್ಸಿನಲ್ಲಿ ಫರ್ವಾನಿಯಾದಲ್ಲಿ ಸಣ್ಣ ಅಡುಗೆಮನೆ ತೆರೆದಳು. ಕದ್ದು ಮಾಡಿದ ಕೆಲಸ ಕಾಗದಪತ್ರದ ಕೆಲಸವಾಯಿತು. ಹೆಸರೇನಿಡುವುದು ಎಂದು ಅಪ್ಪ ಕೇಳಿದಾಗ, ಗಿರಾಕಿಗಳಿಗೆ ಗೊತ್ತಿರುವುದು ಒಂದೇ ಹೆಸರು ಎಂದಳು. ನಾಲ್ಕು ಜನ ಹೆಂಗಸರು ಕೆಲಸಕ್ಕಿದ್ದರು. ಅವರೆಲ್ಲ ಅವಳನ್ನು ಅಕ್ಕಾ ಎನ್ನುತ್ತಿದ್ದರು. ಅವಳು ಅವರ ಜೊತೆಯೇ ಕೂತು ಉಣ್ಣುತ್ತಿದ್ದಳು. ನಾನು ಓದು ಮುಗಿಸಿ ಶರ್ಕ್‌ನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಓದಿನ ಖರ್ಚೆಲ್ಲ ರೊಟ್ಟಿಯದೇ.

ಅಪ್ಪ ಮಾತ್ರ ಆ ಶುಕ್ರವಾರದ ಕಥೆಯನ್ನು ಬಿಡಲಿಲ್ಲ. ಬಸ್ಸಿನಲ್ಲಿ ಹೇಳಿದ, ಊರಿಗೆ ಹೋದಾಗ ಅಜ್ಜಿಗೆ ಹೇಳಿದ, ನನಗೆ ಹೆಣ್ಣು ನೋಡಲು ಹೋದಲ್ಲಿ ಹೇಳಿದ. ಹೇಳಿದಷ್ಟೂ ಸಲ ನಾನು ಇನ್ನಷ್ಟು ಚಿಕ್ಕವನೂ ಇನ್ನಷ್ಟು ಜಾಣನೂ ಆಗುತ್ತಿದ್ದೆ. ಅವ್ವ ಅಲ್ಲೇ ಇದ್ದರೂ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ನಾವಿಬ್ಬರೇ ಇದ್ದಾಗ ಆ ಮಾತು ಒಮ್ಮೆಯೂ ಬರಲಿಲ್ಲ. ನಾನು ಎತ್ತಲಿ ಎಂದು ಅವಳು ಕಾದಿರಬೇಕು. ಅವಳು ಎತ್ತಿದರೆ ಕಾಲಿಗೆ ಬೀಳೋಣ ಎಂದು ನಾನು ಕಾದೆ. ಕಾಯುವುದೇನು, ಹೇಡಿತನ.

ಅಪ್ಪ ಕೆಲಸ ಮುಗಿಸಿ ಊರಿಗೆ ಹೊರಡುವಾಗ ನಮ್ಮ ಕಡೆಯವರೆಲ್ಲ ಸೇರಿ ಅಬ್ಬಾಸಿಯಾದ ಒಂದು ಹಾಲಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಭಾಷಣ. ಇನ್ನೂರು ಜನರ ಮುಂದೆ ಅಪ್ಪ ತನ್ನ ಮಾತಿನ ಕೊನೆಗೆ ಆ ಕಥೆಯನ್ನೇ ಹೇಳಿದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಯಾರೋ, "ಮಗನೂ ಎರಡು ಮಾತು ಆಡಲಿ," ಎಂದರು. ನನ್ನನ್ನು ಎಬ್ಬಿಸಿ ಮೇಲೆ ಕಳಿಸಿದರು. ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಳು, ಕನ್ನಡಕ ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು. ಅವಳು ಅವತ್ತು ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಆ ಶುಕ್ರವಾರ ಬೇಡಿಕೊಂಡಿದ್ದ ನೋಟ ಅದೇ. ಇನ್ನೇನು ಬೇಕಿತ್ತು ನನಗೆ? ಒಂದು ಮಾತು, ಅದೂ ಅವಳು ಎದುರಿಗೇ ಇರುವಾಗ.

ಮೈಕು ಕೈಗೆ ಬಂತು.

"ಅದರಲ್ಲಿ ದೊಡ್ಡದೇನೂ ಇಲ್ಲ," ಎಂದೆ. "ತಾಯಿಗಾಗಿ ಯಾವ ಮಗನಾದರೂ ಅಷ್ಟು ಮಾಡಿಯೇ ಮಾಡುತ್ತಾನೆ."

ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಹೆಂಗಸರು ಕೆಲವರು ಕಣ್ಣು ಒರೆಸಿಕೊಂಡರು. ಅವ್ವನ 'ಗಂಗವ್ವ ರೊಟ್ಟಿ'ಯ ಹೆಂಗಸರು ಪಕ್ಕದಿಂದ ಅವಳ ತೋಳು ಅಲುಗಿಸಿ, ಎಂಥಾ ಮಗ ಅಕ್ಕಾ ನಿಮ್ಮವನು ಎನ್ನುತ್ತಿದ್ದರು. ಅವ್ವ ನನ್ನ ಮೇಲಿಂದ ಕಣ್ಣು ತೆಗೆದು, ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಇಷ್ಟು ವರ್ಷ ನನ್ನ ನಾಚಿಕೆಯನ್ನು ಮುಚ್ಚಿಟ್ಟವಳು, ಅವತ್ತು ಮೊದಲ ಸಲ, ನನ್ನನ್ನು ಹೆತ್ತದ್ದಕ್ಕೆ ತಾನೇ ನಾಚಿಕೊಂಡು ಕೂತಿದ್ದಳು.